ನೊಂದವರಿಗೂ ಕಾನೂನು ಇದೆ ಅಂತ ಠಾಣೆಯಲ್ಲೇ ಹೇಳಿಸಿ ಸರ್: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರ್ತೀನಿ ಸರ್. ಎಲ್ಲಾದರೂ ಕೊಲೆ, ದರೋಡೆ ಆದರೆ ನಿಮ್ಮ ಇಲಾಖೆ ಆರೋಪಿಯ ಬೆನ್ನು ಹತ್ತುತ್ತದೆ. ಹತ್ತಲೇಬೇಕು. ಆದರೆ ದುಡಿಯುವ ಕೈಯನ್ನೇ ಕಳೆದುಕೊಂಡ ಮನೆಯವರು ನಾಳೆಯಿಂದ ಏನು ಮಾಡ್ತಾರೆ, ಅವರಿಗೆ ಏನು ಸಿಗಬೇಕು, ಅದನ್ನು ಅವರಿಗೆ ಯಾರು ಹೇಳ್ತಾರೆ?

ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಗಂಡ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ರಾತ್ರಿ ಕೆಲಸ ಮುಗಿಸಿ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಮನೆಗೆ ಬರುವಾಗ ಯಾರೋ ಅಡ್ಡಗಟ್ಟಿ, ಮೊಬೈಲು ಕಿತ್ತುಕೊಂಡು, ಚಾಕು ಹಾಕಿ ಹೋದರು. ಅವರು ಉಳಿಯಲಿಲ್ಲ. ಪೊಲೀಸರು ಬಂದರು, ಮಹಜರು ಮಾಡಿದರು, ಹೇಳಿಕೆ ಬರೆದುಕೊಂಡರು, ಗಾಡಿ ಜಪ್ತಿ ಮಾಡಿದರು. ಕೊನೆಗೆ ಆರೋಪಿಗಳು ಪತ್ತೆಯಾಗಿಲ್ಲ ಅಂತ ಸಿ ರಿಪೋರ್ಟ್ ಹಾಕಿ, ಒಂದು ಹಿಂಬರಹ ಕೊಟ್ಟು ಕಳಿಸಿದರು. ಆ ಹಾಳೆಯನ್ನು ಅಕ್ಕ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ನನಗೆ ತೋರಿಸಿ, "ಇದ್ರಲ್ಲಿ ಏನು ಬರ್ದಿದೆ ನೋಡಪ್ಪ, ಇನ್ನೂ ಹುಡುಕ್ತಾ ಇದಾರಾ?" ಅಂತ ಕೇಳಿದರು.

ಸರ್, ಆರೋಪಿ ಸಿಗದೇ ಹೋದರೂ, ವಿಚಾರಣೆಯೇ ನಡೆಯದಿದ್ದರೂ, ಸತ್ತವರನ್ನು ನಂಬಿಕೊಂಡಿದ್ದ ಮನೆಯವರು ಪರಿಹಾರಕ್ಕೆ ಅರ್ಜಿ ಹಾಕಬಹುದು. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನ ಅಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ (ಸಿಆರ್‌ಪಿಸಿ) ಸೇರಿಸಿದ 357ಎ ಕಲಂ 2009ರ ಕೊನೆಯಲ್ಲೇ ಜಾರಿಗೆ ಬಂತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 396ನೇ ಕಲಂ. ನಮ್ಮ ರಾಜ್ಯದ್ದೇ ಸಂತ್ರಸ್ತರ ಪರಿಹಾರ ಯೋಜನೆಯೂ ಇದೆ. ಅರ್ಜಿ ಹಾಕಬೇಕಾದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಅವರು ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಆ ಹಿಂಬರಹದಲ್ಲಿ ಇದರ ಬಗ್ಗೆ ಒಂದೇ ಒಂದು ಸಾಲು ಇರಲಿಲ್ಲ. ಠಾಣೆಯಲ್ಲಿ ಕಾಗದಪತ್ರ ಬರೆಯುವ ರೈಟರ್ ಒಬ್ಬರನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, "ಇದನ್ನು ಹೇಳುವುದು ನಿಮ್ಮ ಕೆಲಸ" ಅಂತ ಅವರಿಗೆ ಯಾರೂ ಹೇಳೇ ಇಲ್ಲ.

ಇನ್ನು ಆ ಗಾಡಿ. ಠಾಣೆಯ ಕಾಂಪೌಂಡಿನಲ್ಲಿ ಬಿಸಿಲು ಮಳೆಗೆ ನಿಂತು ಸೀಟು ಹರಿದಿದೆ, ಚಕ್ರದ ಸುತ್ತ ಹುಲ್ಲು ಬೆಳೆದಿದೆ, ಮುಂದಿನ ಟೈರು ನೆಲ ಕಚ್ಚಿದೆ. ಅದರ ಸಾಲದ ಕಂತು ಮಾತ್ರ ಅಕ್ಕ ಕಟ್ಟುತ್ತಲೇ ಇದ್ದರು. ಜಪ್ತಿ ಮಾಡಿದ ವಾಹನಗಳನ್ನು ಸುಮ್ನೆ ಠಾಣೆಗಳಲ್ಲಿ ಕೊಳೆಯಲು ಬಿಡಬೇಡಿ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ವಾಪಸ್ ಕೊಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಕೋರ್ಟಿಗೆ ಒಂದು ಅರ್ಜಿ ಕೊಟ್ಟರೆ ಬಿಡಿಸಿಕೊಳ್ಳಬಹುದು ಅಂತಲೂ ಆಕೆಗೆ ಯಾರೂ ಹೇಳಲಿಲ್ಲ. ಗಂಡನನ್ನು ಕಳೆದುಕೊಂಡವರ ಸ್ವತ್ತೇ ಮುದ್ದೆಮಾಲಾಗಿ, ಅಂದರೆ ಕೇಸಿನ ಜಪ್ತಿ ವಸ್ತುವಾಗಿ, ಹಾಳಾಗಬೇಕಾ ಸರ್?

ತನಿಖೆ ಎಲ್ಲಿಗೆ ಬಂತು ಅಂತ ದೂರು ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ 90 ದಿನದೊಳಗೆ ತಿಳಿಸಬೇಕು ಅಂತ ಹೊಸ ಸಂಹಿತೆಯ 193ನೇ ಕಲಂ ಹೇಳುತ್ತದೆ. ಮೊಬೈಲಿಗೆ ಮೆಸೇಜ್ ಕಳಿಸಿದರೂ ಸಾಕು. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಆದರೆ ಈಗಲೂ ಜನರೇ ಕೆಲಸ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ಠಾಣೆಗೆ ಹೋಗಬೇಕು, ಅಲ್ಲಿ "ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದಾರೆ, ನಾಳೆ ಬನ್ನಿ" ಅನ್ನುವ ಮಾತು ಕೇಳಿಸಿಕೊಂಡು ವಾಪಸ್ ಬರಬೇಕು.

ಸುದ್ದಿಯಾದ ಕೇಸುಗಳ ಕಥೆ ಬೇರೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಯುವತಿಯೊಬ್ಬರ ಮೇಲೆ ಆಸಿಡ್ ಎರಚಿದಾಗ ಇಡೀ ರಾಜ್ಯ ಮರುಗಿತು, ಮುಂದಿನ ವರ್ಷ ಆಕೆಗೆ ಮುಖ್ಯಮಂತ್ರಿಗಳ ಸಚಿವಾಲಯದಲ್ಲೇ ಕೆಲಸ ಸಿಕ್ಕಿತು. ತುಂಬಾ ಒಳ್ಳೆಯದಾಯಿತು. ಆದರೆ ಟಿವಿಯವರು ಬಾರದ ಮನೆಗಳೇ ಜಾಸ್ತಿ ಅಲ್ವಾ? ಆಸಿಡ್ ದಾಳಿ, ಅತ್ಯಾಚಾರಕ್ಕೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ಕೊಡಬೇಕು ಅನ್ನುವ ಕಾನೂನು 2013ರಿಂದ ಇದೆ. ಸುಟ್ಟ ಮೈ ಹೊತ್ತು ಬಂದವರು ಇದನ್ನು ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ವಾದಿಸೋಕೆ ಆಗುತ್ತಾ?

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಕೇಸು ವಾಪಸ್ ತೆಗೆದುಕೊಳ್ಳುವುದು ವಾಡಿಕೆಯಾಗಿದೆ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ವಾಪಸ್ ಪಡೆಯಲು ಹೊರಟ 43 ಕೇಸುಗಳಲ್ಲಿ ಹಳೇ ಹುಬ್ಬಳ್ಳಿ ಗಲಭೆಯದ್ದೂ ಇತ್ತು. ಅಲ್ಲಿ ಕಲ್ಲೇಟು ತಿಂದವರಲ್ಲಿ ನಿಮ್ಮ ಪೊಲೀಸರೂ ಇದ್ದರು. ಆ ಆದೇಶವನ್ನು ಹೈಕೋರ್ಟ್ 2025ರ ಮೇನಲ್ಲಿ ರದ್ದು ಮಾಡಿತು. ಈಗ ಹೊಸ ಸಂಹಿತೆಯ 360ನೇ ಕಲಂ ಪ್ರಕಾರ ಸಂತ್ರಸ್ತರ ಮಾತು ಕೇಳದೆ ಕೋರ್ಟು ಕೇಸು ವಾಪಸಿಗೆ ಒಪ್ಪುವ ಹಾಗಿಲ್ಲ. ಹಾಗಾದರೆ ಫೈಲು ಸಂಪುಟದ ಮುಂದೆ ಬರುವ ಮೊದಲೇ ಪೆಟ್ಟು ತಿಂದವರನ್ನು ಒಂದು ಮಾತು ಕೇಳಬಹುದಲ್ವಾ?

ನಾನು ಹೊಸ ಕಾನೂನು ಕೇಳ್ತಾ ಇಲ್ಲ. ಡಿಜಿಪಿಯವರಿಂದ ಒಂದು ಸುತ್ತೋಲೆ ಹೊರಡಿಸಿ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಹೇಗೂ ಇದೆ, ಅದರ ಜೊತೆಗೇ ಕನ್ನಡದಲ್ಲಿ ಒಂದು ಹಾಳೆ ಕೊಡಲಿ: ಪರಿಹಾರಕ್ಕೆ ಎಲ್ಲಿ ಅರ್ಜಿ ಹಾಕಬೇಕು, ಪುಕ್ಕಟೆ ವಕೀಲರು ಎಲ್ಲಿ ಸಿಗುತ್ತಾರೆ, ಕಾನೂನು ಸೇವೆಯ ಸಹಾಯವಾಣಿ 15100, ತನಿಖಾಧಿಕಾರಿಯ ಹೆಸರು, ನಂಬರು. ಓದಲು ಬಾರದವರಿಗೆ ಓದಿ ಹೇಳಲಿ. ಕೊಲೆ, ಅತ್ಯಾಚಾರ, ಆಸಿಡ್ ದಾಳಿಯ ಎಫ್‌ಐಆರ್ ಪ್ರತಿ ಅದೇ ವಾರ ಠಾಣೆಯಿಂದಲೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ, ನೊಂದವರೇ ಹುಡುಕಿಕೊಂಡು ಹೋಗುವಂತಾಗಬಾರದು. ಸಿ ರಿಪೋರ್ಟ್ ಹಿಂಬರಹದಲ್ಲಿ, ನೀವು ಪರಿಹಾರ ಕೇಳಬಹುದು ಅನ್ನುವ ಸಾಲು ಕಡ್ಡಾಯವಾಗಿ ಇರಲಿ. ಎಸ್‌ಪಿಗಳು ತಿಂಗಳ ಕ್ರೈಂ ಮೀಟಿಂಗಿನಲ್ಲಿ ಎಷ್ಟು ಆರೋಪಿಗಳನ್ನು ಹಿಡಿದಿರಿ ಅಂತ ಕೇಳುವ ಹಾಗೆಯೇ, ಎಷ್ಟು ಸಂತ್ರಸ್ತರ ಅರ್ಜಿ ಕಳಿಸಿದಿರಿ ಅಂತಲೂ ಕೇಳಲಿ.

ಆ ಅಕ್ಕನ ಅರ್ಜಿಯನ್ನು ನಾವು ಬೀದಿಯವರೇ ಸೇರಿ ಹಾಕಿಸಿದ್ದೇವೆ. ಅಂಥ ನೆರೆಹೊರೆ ಇಲ್ಲದವರಿಗೆ ಈ ಸುತ್ತೋಲೆ ಬೇಕು. ಅದನ್ನು ಯಾವಾಗ ಹೊರಡಿಸುತ್ತೀರಿ ಅಂತ ದಯವಿಟ್ಟು ಎಲ್ಲರ ಮುಂದೆ ಹೇಳಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾಯುತ್ತಿರುವ ಒಬ್ಬ ಮತದಾರ