ಮೊಗ್ಗಿನ ಜಡೆಯ ಫೋಟೋ

ಪ್ರೀತಿಯ ರಘು,

ನಿನ್ನೆ ರಾತ್ರಿ ನೀನು ಫೋನಿಟ್ಟ ಮೇಲೆ ನನಗೂ ನಿದ್ದೆ ಬರಲಿಲ್ಲ. "ನೋಡೋಣ ಬಿಡೋ, ಎಲ್ಲ ಸರಿಯಾಗುತ್ತೆ" ಅಂದುಬಿಟ್ಟೆ. ಸುಮ್ನೆ ಬಾಯಿಗೆ ಬಂದ ಮಾತು ಅದು. ಬೆಳಿಗ್ಗೆ ಪತ್ರ ಬರೆಯುತ್ತೇನೆ ಅಂದಾಗ, ಹೆಸರು ಬದಲಾಯಿಸಿ ನಾಲ್ಕು ಜನ ಓದುವ ಹಾಗೆ ಹಾಕು ಅಂತ ನೀನೇ ಹೇಳಿದೆ. ಹಾಗೇ ಮಾಡಿದ್ದೇನೆ.

ನಿಮ್ಮ ಪುಟ್ಟನಿಗೆ ಇನ್ನೂ ಆರು ತುಂಬಿಲ್ಲ. ಅಕ್ಕನ ಲಂಗ ಉಟ್ಟು ಕನ್ನಡಿ ಮುಂದೆ ಗಿರಗಿರ ತಿರುಗುವುದು, ಟವೆಲನ್ನು ತಲೆಗೆ ಕಟ್ಟಿಕೊಂಡು ಜಡೆ ಅನ್ನುವುದು, ಇದನ್ನೆಲ್ಲ ಹೋದ ವರ್ಷದ ತನಕ ನೀವೇ ವಿಡಿಯೋ ಮಾಡಿ ಕಳಿಸುತ್ತಿದ್ದಿರಿ. ಹೋದ ವಾರ ಅಜ್ಜಿ ಲಂಗ ಕಿತ್ತುಕೊಂಡಾಗ "ನಾನು ಹುಡುಗಿ, ನಿಮಗ್ಯಾಕೆ ಗೊತ್ತಾಗಲ್ಲ?" ಅಂತ ಗೋಡೆ ಕಡೆ ಮುಖ ಮಾಡಿ ಅತ್ತನಂತೆ. ಈಗ ಅಮ್ಮ ತಾಯಿತ ಕಟ್ಟಿಸೋಣ ಅನ್ನುತ್ತಿದ್ದಾರೆ. ಆಫೀಸಿನವರು ಕರಾಟೆಗೆ ಹಾಕು ಅಂದಿದ್ದಾರೆ. ನೀನು ಮೂರು ಸಲ ಕೇಳಿದ್ದು ಒಂದೇ ಮಾತು: "ಇದು ಕಾಯಿಲೆಯೇನೋ?"

ಅಲ್ಲ ಮಾರಾಯ. ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿ ಮಾಡುತ್ತದಲ್ಲ, ಅದರ ಹೊಸ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹುಟ್ಟಿದಾಗ ಹೇಳಿದ ಲಿಂಗ ಒಂದು, ತನಗೆ ಅನ್ನಿಸುವುದು ಇನ್ನೊಂದು ಅನ್ನುವುದನ್ನು ಅದರಲ್ಲಿ ಮಾನಸಿಕ ಕಾಯಿಲೆಗಳ ಸಾಲಿನಿಂದಲೇ ತೆಗೆದಿದ್ದಾರೆ. ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ. ಲಂಗ ಇಷ್ಟ, ಬಳೆ ಇಷ್ಟ, ಹುಡುಗಿಯರ ಜೊತೆ ಆಡುವುದು ಇಷ್ಟ ಅನ್ನುವಷ್ಟಕ್ಕೇ ಮಗುವಿಗೆ ಯಾವ ಹೆಸರನ್ನೂ ಅಂಟಿಸಬಾರದು ಅಂತ ಅಲ್ಲೇ ಬರೆದಿದೆ. ನನ್ನ ಮೈ ಒಂದು, ನಾನೇ ಬೇರೆ ಅನ್ನುವ ಸಂಕಟ ಎರಡು ವರ್ಷದಷ್ಟು ಕಾಲ ಬಿಡದೆ ಇದ್ದರೆ ಮಾತ್ರ ವೈದ್ಯರು ಆ ಮಾತು ಎತ್ತಬೇಕು.

ನಿಮ್ಮ ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ಒಂದು ಫೋಟೋ ಇದೆ, ನೆನಪಿದೆಯಾ? ನಿನಗೆ ಮೂರು ವರ್ಷ. ಜರಿ ಲಂಗ, ಕಾಡಿಗೆ, ಕೈತುಂಬ ಬಳೆ, ತಲೆಗೆ ಮೊಗ್ಗಿನ ಜಡೆ. ಜಡೆ ಕಾಣಲಿ ಅಂತ ಸ್ಟುಡಿಯೋದವನು ಹಿಂದೆ ಕನ್ನಡಿ ಇಟ್ಟಿದ್ದಾನೆ. ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಂಥ ಫೋಟೋ ಇದೆ. ನಿನ್ನ ಸಂಗತಿ ಬೇರೆ, ಪುಟ್ಟನದು ಬೇರೆ, ನನಗೆ ಗೊತ್ತು. ನಿನಗೆ ಅಮ್ಮ ಉಡಿಸಿದ್ದು. ಪುಟ್ಟ ತಾನಾಗಿ ಕೇಳುತ್ತಿರುವುದು. ಆದರೂ ಮೂರು ವರ್ಷಕ್ಕೆ ಅಷ್ಟು ಮುದ್ದಾಗಿ ಕಂಡ ಲಂಗ ಆರನೇ ವರ್ಷಕ್ಕೆ ಮನೆ ಮಾನ ಹೋಗುವಂಥದ್ದು ಹೇಗಾಯಿತು? ಬಟ್ಟೆ ಅದೇ ತಾನೆ.

ಈಗ ನನ್ನದೊಂದು ವಿಷಯ ಹೇಳಬೇಕು. ಇದನ್ನು ನಿನಗೂ ಹೇಳಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಆಟದ ಪಿರಿಯಡ್‌ನಲ್ಲಿ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ. ಮಾತಾಡುವಾಗ ಕೈ ತಿರುಗಿಸುತ್ತಿದ್ದ. ಒಂದು ದಿನ ಎಲ್ಲರ ಎದುರು "ಏನೋ ಹುಡುಗಿ ಥರ ಆಡ್ತೀಯ, ಹೋಗು ಹುಡುಗರ ಸಾಲಿಗೆ" ಅಂದೆ. ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ. ಆ ನಗು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮರುದಿನದಿಂದ ಅವನಿಗೊಂದು ಅಡ್ಡ ಹೆಸರು ಬಿತ್ತು. ಅದಕ್ಕೆ ದಾರಿ ಮಾಡಿಕೊಟ್ಟವನು ನಾನೇ.

ಆಮೇಲೆ ಅವನಿಗೆ ಹೊಟ್ಟೆನೋವು ಶುರುವಾಯಿತು. ಸೋಮವಾರ ಬಂತೆಂದರೆ ಹೊಟ್ಟೆನೋವು. ಬಿಸಿಯೂಟದ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ನೀರು ಕುಡಿಯುತ್ತಿರಲಿಲ್ಲ. ಅವರಮ್ಮ ಹುಳದ ಔಷಧಿ ಕೊಡಿಸಿದರು, ದೃಷ್ಟಿ ತೆಗೆಸಿದರು. ಒಂದು ಮಧ್ಯಾಹ್ನ ಕ್ಲಾಸಿನಲ್ಲೇ ಚಡ್ಡಿ ಒದ್ದೆಯಾಯಿತು. ಹುಡುಗರ ಪಾಯಿಖಾನೆಗೆ ಹೋದರೆ ಉಳಿದವರು ಸುತ್ತ ನಿಂತು ಚಡ್ಡಿ ಎಳೆಯುತ್ತಿದ್ದರು ಅಂತ ಆಗ ಗೊತ್ತಾಯಿತು. ಬೆಳಗಿನ ಪ್ರಾರ್ಥನೆಯಿಂದ ಸಂಜೆ ಗಂಟೆ ಹೊಡೆಯುವ ತನಕ ಆ ಮಗು ಕಟ್ಟಿಕೊಂಡು ಕೂರುತ್ತಿತ್ತು. ಅದಕ್ಕೇ ನೀರು ಬೇಡ. ಮುಂದಿನ ವರ್ಷ ಟಿ.ಸಿ. ತೆಗೆದುಕೊಂಡು ಹೋದರು. ಆ ಹುಡುಗ ಮುಂದೆ ಏನಾಗಿ ಬೆಳೆದ, ಅದು ಬೇರೆ ಮಾತು. ಏಳು ವರ್ಷದ ಮಗು ನನ್ನ ಕ್ಲಾಸಿನಲ್ಲಿ ನೀರು ಕುಡಿಯಲು ಹೆದರಿತಲ್ಲ, ಅದು ನನ್ನ ತಪ್ಪು.

ನೋಡು, ಇಷ್ಟು ಸಣ್ಣ ಮಕ್ಕಳಿಗೆ "ನನಗೆ ಬೇಜಾರಾಗಿದೆ" ಅಂತ ಹೇಳಲು ಬರುವುದಿಲ್ಲ. ಮನಸ್ಸಿನದು ಮೈಯಲ್ಲಿ ಬರುತ್ತದೆ. ಹೊಟ್ಟೆನೋವು, ತಲೆನೋವು, ಹಾಸಿಗೆಯಲ್ಲಿ ಉಚ್ಚೆ, ಉಗುರು ಕಚ್ಚುವುದು, ಕಾರಣವಿಲ್ಲದ ಸಿಟ್ಟು. ಪುಟ್ಟ ಈಚೆಗೆ ಶಾಲೆಗೆ ಹೊರಡುವಾಗ ಶೂ ಎಸೆಯುತ್ತಾನೆ ಅಂದೆಯಲ್ಲ, ನನಗೆ ಲಂಗಕ್ಕಿಂತ ಅದರದೇ ಯೋಚನೆ ಜಾಸ್ತಿ.

ಇದು ನಿಮ್ಮ ಸಾಕಣೆಯ ತಪ್ಪಾ ಅಂತ ಸುಮಾ ಅತ್ತಳಂತೆ. ಅವಳಿಗೆ ಹೇಳು, ಅಲ್ಲ. ಎರಡು ಮೂರು ವರ್ಷಕ್ಕೆಲ್ಲ ಮಕ್ಕಳು ಹುಡುಗ ಯಾರು, ಹುಡುಗಿ ಯಾರು ಅಂತ ಗುರುತಿಸುತ್ತಾರೆ, ತಾವು ಯಾರು ಅಂತಲೂ ಹೇಳತೊಡಗುತ್ತಾರೆ. ಬೇರೆಯವರ ಬಟ್ಟೆ ಹಾಕಿ ಆಡುವ ಮಕ್ಕಳು ಬೇಕಾದಷ್ಟು. ಅವರಲ್ಲಿ ಹೆಚ್ಚಿನವರಿಗೆ ಅದು ಆಟ. ಕೆಲವರು ಮಾತ್ರ ವರ್ಷಗಟ್ಟಲೆ ಅದೇ ಮಾತು ಹೇಳುತ್ತಾರೆ, ಅದು ಆಟವಲ್ಲ. ಪುಟ್ಟ ಯಾವ ಕಡೆ ಅಂತ ಇವತ್ತು ನೀನೂ ಹೇಳಲಾರೆ, ನಾನೂ ಹೇಳಲಾರೆ. ಹೇಳುವ ಅವಸರವೂ ಇಲ್ಲ. ಹರೆಯ ಶುರುವಾಗುವ ಮೊದಲು ಇದಕ್ಕೆ ಅಂತ ಮಾತ್ರೆ, ಹಾರ್ಮೋನು, ಆಪರೇಷನ್ ಯಾವುದನ್ನೂ ಕೊಡುವುದಿಲ್ಲ. ಅಮ್ಮ ಹೆದರಿರುವುದು ಅದಕ್ಕೇ ಇರಬೇಕು, ಅವರಿಗೆ ಬಿಡಿಸಿ ಹೇಳು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹುಟ್ಟಿದಾಗ ಹೇಳಿದ್ದೊಂದು, ತಾವು ಹೇಳುವುದೊಂದು, ಅಂಥ ಮೂರರಿಂದ ಹನ್ನೆರಡು ವರ್ಷದ 73 ಮಕ್ಕಳು. ಎಲ್ಲರಿಗೂ ಮನೆಯವರ ಬೆಂಬಲ ಇತ್ತು. ಅವರಲ್ಲಿ ಖಿನ್ನತೆ ಬೇರೆ ಮಕ್ಕಳಲ್ಲಿ ಇರುವಷ್ಟೇ ಇತ್ತು, ಆತಂಕ ಮಾತ್ರ ತುಸು ಹೆಚ್ಚು. ಚಿಕ್ಕ ಅಧ್ಯಯನ, ಅದೊಂದರಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ. ಹೆಸರು ಬದಲಿಸುವುದು, ಶಾಲೆಯಲ್ಲಿ ಹುಡುಗಿ ಅಂತಲೇ ಇರುವುದು, ಇದನ್ನೆಲ್ಲ ಯಾವಾಗ, ಎಷ್ಟು ಅನ್ನುವುದರಲ್ಲಿ ವೈದ್ಯರಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ. ಆದರೆ ಹೊಡೆದು ಬಡಿದು ಬದಲಾಯಿಸುವುದು ತಪ್ಪು ಅನ್ನುವುದರಲ್ಲಿ ಅನುಮಾನವಿಲ್ಲ. "ಸರಿ ಮಾಡಿಕೊಡ್ತೀವಿ" ಅನ್ನುವವರ ಹತ್ತಿರ ಮಾತ್ರ ಹೋಗಬೇಡ. ಅಂಥ ಚಿಕಿತ್ಸೆ ವೃತ್ತಿಗೆ ಸಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

2021ರಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ. ನೀನೇ ನನಗೆ ಆ ವಿಡಿಯೋ ಕಳಿಸಿ "ನಮ್ಮ ಬಳ್ಳಾರಿಯವರು" ಅಂತ ಹೆಮ್ಮೆಪಟ್ಟಿದ್ದೆ. ಅವರೂ ಒಂದು ಮನೆಯಲ್ಲಿ ಗಂಡು ಮಗು ಅಂತಲೇ ಬೆಳೆದವರು. ಮನೆ ಬಿಟ್ಟು, ಭಿಕ್ಷೆ ಬೇಡಿ, ಬದುಕೇ ಬೇಡ ಅನ್ನಿಸಿ, ಮತ್ತೆ ಎದ್ದು ಬಂದವರು. ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟ ಮೊದಲ ರಾಜ್ಯವೂ ನಮ್ಮದೇ, ಅದೂ 2021ರಲ್ಲೇ. ಪುಟ್ಟನ ಮುಂದಿನ ದಾರಿ ಅದೇ ಅಂತ ನಾನು ಹೇಳುತ್ತಿಲ್ಲ. ಬೇರೆಯವರ ಮಗುವಿಗೆ ಇಷ್ಟು ಖುಷಿಯಿಂದ ಚಪ್ಪಾಳೆ ಹೊಡೆದ ನಮಗೆ ನಮ್ಮ ಮನೆ ಮಗುವಿನ ಒಂದು ಮಾತು ಕೇಳಿಸಿಕೊಳ್ಳುವುದು ಕಷ್ಟವಾಗಬಾರದು, ಅಲ್ವಾ?

ಅದಕ್ಕೇ, ಮೊದಲು ಲಂಗ ವಾಪಸ್ಸು ಕೊಡು. ಇನ್ನೊಮ್ಮೆ "ನಾನು ಹುಡುಗಿ" ಅಂದರೆ ವಾದ ಮಾಡಬೇಡ. "ಹೌದಾ? ಹೇಳು, ಕೇಳ್ತೀನಿ" ಅನ್ನು. ನಮ್ಮ ಕನ್ನಡದಲ್ಲಿ ಒಂದು ಅನುಕೂಲ ಇದೆ ನೋಡು. ಮಗು ಬಂತು, ಮಗು ಉಂಡಿತು, ಮಗು ಮಲಗಿತು. ಅವನು ಅವಳು ಅಂತ ಜಗಳವೇ ಇಲ್ಲ. ಮನೆಯಲ್ಲಿ ಸದ್ಯಕ್ಕೆ ಹಾಗೇ ಇರಲಿ. ಟೀಚರ್ ಹತ್ತಿರ ನೀನೇ ಹೋಗು, ಸುಮಾಳನ್ನು ಒಬ್ಬಳನ್ನೇ ಕಳಿಸಬೇಡ. ಪಾಯಿಖಾನೆ ವಿಷಯ ಮರೆಯದೆ ಕೇಳು. ಶೂ ಎಸೆಯುವುದು ನಿಲ್ಲದಿದ್ದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ, ನೀನಿರುವುದು ಬೆಂಗಳೂರಿನಲ್ಲೇ. ಅದಕ್ಕೂ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗಾಗಿ ಅಲ್ಲದಿದ್ದರೂ ನಿನಗಾಗಿ ಮಾಡು. ನಿನ್ನೆ ನಿನ್ನ ದನಿ ಕೇಳಿ ನನಗೆ ಭಯವಾಯಿತು.

ಶನಿವಾರ ರಾತ್ರಿ ಬಸ್ಸಿಗೆ ಬರುತ್ತಿದ್ದೇನೆ. ದಾರಿಯಲ್ಲಿ ತೀರ್ಥಹಳ್ಳಿಯಲ್ಲಿ ಇಳಿದು ಆ ಫೋಟೋ ತೆಗೆದುಕೊಂಡು ಬರುತ್ತೇನೆ, ಬೀಗದ ಕೈ ಪಕ್ಕದ ಮನೆಯಲ್ಲಿದೆ ತಾನೆ? ಅಪ್ಪನ ಮೊಗ್ಗಿನ ಜಡೆಯನ್ನು ಪುಟ್ಟನಿಗೆ ಅಜ್ಜಿಯೇ ತೋರಿಸಲಿ.

ನಿನ್ನ,
ಸುರೇಶ