ನಮ್ಮ ವಿಹಾರಕ್ಕೆ ಹೆಗಲು ಕೊಟ್ಟವರಿಗೆ

ಈ ಬುದ್ಧ ಪೂರ್ಣಿಮೆಗೆ ಚಿತ್ರದುರ್ಗದ ನಮ್ಮ ಪುಟ್ಟ ಬೌದ್ಧ ವಿಹಾರದ ಬಾಗಿಲು ತೆರೆಯಿತು. ಭಂತೇಜಿ, ಅಂದರೆ ಬೌದ್ಧ ಭಿಕ್ಷು, ಬುದ್ಧ, ಧಮ್ಮ, ಸಂಘಕ್ಕೆ ಶರಣಾಗುವ ತ್ರಿಶರಣ, ಐದು ಒಳ್ಳೆಯ ನಡತೆಗಳ ಪಂಚಶೀಲ ಹೇಳಿಕೊಟ್ಟರು. ಆಮೇಲೆ ಪಾಯಸದ ಊಟ. ಆ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲು ಆಗಲಿಲ್ಲ. ಅದಕ್ಕೇ ಈ ಬರಹ.

ಶುರುವಿನಲ್ಲಿ ನಮಗೆ ಧ್ಯಾನಕ್ಕೆ ಕೂರಲು ಜಾಗವೇ ಇರಲಿಲ್ಲ. ಟೈಲರ್ ಅಣ್ಣ ಪ್ರತಿ ಭಾನುವಾರ ಅಂಗಡಿಯ ಮಿಷಿನ್‌ಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿಕೊಡುತ್ತಿದ್ದರು. ಬಾಡಿಗೆ ಕೇಳಿದ್ದೇ ಇಲ್ಲ. 1956ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡ ಫೋಟೊ ನಮ್ಮಲ್ಲಿ ಹಲವರ ಮನೆಯಲ್ಲಿ ಮೊದಲಿಂದಲೂ ಇತ್ತು. ಕಣ್ಣು ಮುಚ್ಚಿ ಸುಮ್ನೆ ಕೂರುವುದು ಮಾತ್ರ ಎಲ್ಲರಿಗೂ ಹೊಸದು.

‘ಇದ್ಯಾವ ಹೊಸ ದೇವರಪ್ಪ?’ ಅಂದವರೂ ಇದ್ದರು. ಹೊಸದೇನಲ್ಲ. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ನಮ್ಮನ್ನೆಲ್ಲ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಶಾಸನದ ಅರ್ಥ ಬಿಡಿಸಿ ಹೇಳಿದ ಮೇಷ್ಟ್ರಿಗೆ ದೊಡ್ಡ ನಮಸ್ಕಾರ. ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರೂ ಶ್ರಮಪಟ್ಟರೆ ಸಿಗುತ್ತದೆ ಅನ್ನುವ ಮಾತು ಅದರಲ್ಲಿದೆ. ಅದನ್ನು ಕೇಳಿದ್ದೇ ತಡ, ಟೈಲರ್ ಅಣ್ಣ ‘ಹಂಗಾದ್ರೆ ನಾವೂ ಒಂದು ಕಟ್ಟೇ ಬಿಡೋಣ’ ಅಂದರು. ವಿಹಾರದ ಮಾತು ಎದ್ದಿದ್ದೇ ಅಲ್ಲಿ.

ದಾನಿಗಳ ಹೆಸರು ಗೋಡೆಯ ಮೇಲಿದೆ. ಅಲ್ಲಿ ಇಲ್ಲದವರ ಬಗ್ಗೆ ಇಲ್ಲಿ ಹೇಳಬೇಕು. ಚಾವಣಿಗೆ ಕಾಂಕ್ರೀಟ್ ಮೋಲ್ಡ್ ಹಾಕುವ ದಿನ ಮಧ್ಯಾಹ್ನ ಮಿಕ್ಸರ್ ಕೆಟ್ಟು ನಿಂತಿತು. ಅರ್ಧಕ್ಕೆ ಬಿಟ್ಟರೆ ಜಾಯಿಂಟ್‌ನಲ್ಲಿ ಮಳೆನೀರು ಸೋರುವುದು ಗ್ಯಾರಂಟಿ. ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು ಕೂತರು. ಆಗ ನಮಾಜ್ ಮುಗಿಸಿ ಬರುತ್ತಿದ್ದ ಪಕ್ಕದ ಬೀದಿಯ ಹುಡುಗರು ಸಲಿಕೆ ಹಿಡಿದು ನೆಲದ ಮೇಲೇ ಜಲ್ಲಿ, ಮರಳು, ಸಿಮೆಂಟ್ ಕಲಸಿದರು. ಬಾಂಡ್ಲಿಗಳು ಕೈಯಿಂದ ಕೈಗೆ ಮೇಲೇರಿದವು. ಮುಗಿಯುವಾಗ ಕತ್ತಲಾಗಿತ್ತು. ಮಂಡಕ್ಕಿ ಮೆಣಸಿನಕಾಯಿ ತಿಂದು ಹೋದರು, ಅಷ್ಟೇ. ಕೂಲಿ ಮಾತೆತ್ತಿದರೆ ಬೈಯುತ್ತಾರೆ.

ಆಮೇಲಿನ ಕಷ್ಟ ನೀರಿನದು. ನಮ್ಮೂರ ಬೇಸಿಗೆ ಗೊತ್ತಲ್ವಾ? ಬೋರ್ ಕೈಕೊಟ್ಟಿತ್ತು. ಹೊಸ ಮೋಲ್ಡ್ ಒಣಗಿದರೆ ಬಿರುಕು ಬಿಡುತ್ತದೆ. ಮಹಿಳಾ ಸಂಘದ ಅಕ್ಕಂದಿರು ಮನೆಯ ನಲ್ಲಿ ನೀರಿನಲ್ಲೇ ಪಾಲು ತೆಗೆದು, ಕೊಡ ಹೊತ್ತು ಏಣಿ ಹತ್ತಿ ಕ್ಯೂರಿಂಗ್ ಮಾಡಿದರು. ಕೆಲವರು ಬಟ್ಟೆ ಒಗೆಯುವುದನ್ನೇ ಮುಂದಕ್ಕೆ ಹಾಕಿದ್ದರಂತೆ. ನಮಗೆ ತಿಳಿದಿದ್ದು ಎಷ್ಟೋ ದಿನದ ಮೇಲೆ.

ಈಗ ಭಾನುವಾರ ಬೆಳಿಗ್ಗೆ ಧ್ಯಾನ, ಸಂಜೆ ಮಕ್ಕಳಿಗೆ ಪಾಠ. ಕಾಂಪೌಂಡ್ ಬಾಕಿ ಇದೆ, ಆತುರವಿಲ್ಲ. ಖರ್ಚಿನ ಲೆಕ್ಕ ನೋಟಿಸ್ ಬೋರ್ಡಿನಲ್ಲಿದೆ, ನೋಡಿ, ಕೇಳುವುದಿದ್ದರೆ ಕೇಳಿ. ಮತ್ತೆ, ಮೂರ್ನಾಲ್ಕು ಸ್ಟೀಲ್ ಕೊಡಗಳು ಇಲ್ಲೇ ಉಳಿದಿವೆ. ಹೆಸರು ಕೊರೆಸಿಲ್ಲ. ನಿಮ್ಮದಾದರೆ ಬಂದು ತಗೊಂಡು ಹೋಗಿ.