ಹಿಡಿದ ಮೀನನ್ನು ಯಾಕೆ ಬಿಡುತ್ತೇವೆ ಅಂದರೆ

ಮಿನಿಯಾಪೊಲಿಸ್, ಅಮೆರಿಕ
ಅಕ್ಟೋಬರ್, ಭಾನುವಾರ

ಚಿಕ್ಕಪ್ಪನಿಗೆ ನಮಸ್ಕಾರ,

ಮಾರ್ನಮಿ ದಿನ ಫೋನಲ್ಲಿ "ಅಷ್ಟು ದೂರ ಹೋಗಿ, ಚಳೀಲಿ ನಡುಗಿ, ಹಿಡಿದ ಮೀನು ವಾಪಸ್ ನೀರಿಗೆ ಬಿಟ್ಟು ಬರ್ತೀಯಾ? ತಲೆ ಸರಿ ಇದೆಯೇನೋ?" ಅಂತ ನಕ್ಕಿರಲ್ಲ, ಉತ್ತರ ಹೇಳೋಷ್ಟರಲ್ಲಿ ಚಿಕ್ಕಮ್ಮ ಊಟಕ್ಕೆ ಕರೆದುಬಿಟ್ಟರು. ಫೋನಲ್ಲಿ ಮುಗಿಯುವ ಮಾತಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ.

ಕೆರೆಯ ಹೆಸರು ಮಿಲ್ ಲ್ಯಾಕ್ಸ್. ನಾನಿರುವ ಊರಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್. ಕೆರೆ ಅಂದೆ ಅಂತ ತೊಣ್ಣೂರು ಕೆರೆ ನೆನೆಸಿಕೊಳ್ಳಬೇಡಿ, ಇದು ಸುಮಾರು 1,32,000 ಎಕರೆ ನೀರು, ಕನ್ನಂಬಾಡಿ ಪೂರ್ತಿ ತುಂಬಿದರೂ ಇದರ ಅರ್ಧ ಆಗಲ್ಲ. ಆಳ ಮಾತ್ರ ಕಮ್ಮಿ. ಕಟ್ಟೆಯಲ್ಲಿ 124.80 ಅಡಿ ಆಯ್ತಾ ಅಂತ ನೀವು ದಿನಾ ಪೇಪರ್ ನೋಡುತ್ತೀರಿ, ಇಲ್ಲಿ ತೀರಾ ಆಳದ ಜಾಗವೇ ಸುಮಾರು 42 ಅಡಿ. ಯಾರೂ ಕಟ್ಟಿಸಿದ ಕೆರೆಯಲ್ಲ. ಹತ್ತು ಸಾವಿರ ವರ್ಷಕ್ಕೂ ಹಿಂದೆ ಈ ಸೀಮೆಯೆಲ್ಲ ದಪ್ಪ ಹಿಮದ ಕೆಳಗಿತ್ತು. ಆ ಹಿಮ ತಳ್ಳಿಕೊಂಡು ಬಂದು ಬಿಟ್ಟುಹೋದ ಕಲ್ಲು ಮಣ್ಣಿನ ರಾಶಿಯೇ ಏರಿಯಾಗಿ ನೀರು ನಿಂತಿದೆ. ನೀರಿನ ಒಳಗೂ ಅಂಥ ಬಂಡೆಗಳ ಗುಡ್ಡೆಗಳಿವೆ, ನಮ್ಮ ಮೀನು ಇರುವುದು ಅಲ್ಲೇ.

ಮೀನಿಗೆ ಸ್ಮಾಲ್‌ಮೌತ್ ಬಾಸ್ ಅನ್ನುತ್ತಾರೆ. ಕಂಚಿನ ಬಣ್ಣ, ಮೈಮೇಲೆ ಅಡ್ಡ ಪಟ್ಟೆ, ಕೆಂಪು ಕಣ್ಣು. ಎರಡು ಕೆಜಿ ತೂಗುವುದು ಸಿಕ್ಕರೆ ಅವತ್ತು ಸುಗ್ಗಿ. ನಮ್ಮ ಕೊರವ ಕೆಂಪು ಮರಿಗಳ ಹಿಂಡು ಕಾಯುತ್ತಲ್ಲ, ಹಾಗೇ ಇದರಲ್ಲೂ ಗಂಡು ಮೀನು ಗೂಡು ಮಾಡಿ ಮೊಟ್ಟೆ, ಮರಿ ಎರಡನ್ನೂ ಕಾಯುತ್ತದೆ. ಅದೆಲ್ಲ ಬೇಸಿಗೆ ಶುರುವಾಗುವ ಹೊತ್ತಿಗೆ. ಈಗ ಬೇರೆ ಕಥೆ. ನೀರು ತಣ್ಣಗಾಗುತ್ತಾ ಬಂದ ಹಾಗೆ ದಡದ ಹತ್ತಿರ ಇದ್ದ ಮೀನೆಲ್ಲ ಇಪ್ಪತ್ತು, ಮೂವತ್ತು ಅಡಿ ಆಳದ ಬಂಡೆಗಳ ಕಡೆ ಇಳಿದು ಗುಂಪುಗೂಡುತ್ತದೆ. ಡಿಸೆಂಬರ್ ಹೊತ್ತಿಗೆ ಕೆರೆ ಮೇಲೆ ಹಿಮ ಗಟ್ಟಿಯಾಗಿ, ಆಮೇಲೆ ಜನ ಅದರ ಮೇಲೇ ಕಾರು ಓಡಿಸುತ್ತಾರೆ (ನಿಜವಾಗಲೂ, ತಮ್ಮನಿಗೆ ಫೋಟೋ ಕಳಿಸಿದ್ದೇನೆ ನೋಡಿ). ಚಳಿಗಾಲದಲ್ಲಿ ಈ ಮೀನು ತಿನ್ನುವುದು ತೀರಾ ಕಮ್ಮಿ, ಹಾಗಾಗಿ ಈಗಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಇಲ್ಲಿ ಬೆಂಡೂ ಇಲ್ಲ, ಎರೆಹುಳನೂ ಇಲ್ಲ. ಕೊಕ್ಕೆಯ ಕುತ್ತಿಗೆಗೆ ಏಳು ಗ್ರಾಂನಷ್ಟು ಭಾರದ ಗುಂಡು ಸೇರಿಸಿಯೇ ಎರಕ ಹೊಯ್ದಿರುತ್ತಾರೆ, ಅದೇ ಜಿಗ್. ಅದಕ್ಕೆ ಮೆತ್ತನೆ ರಬ್ಬರಿನಂಥ ಒಂದು ಕೊಳವೆ ಸಿಕ್ಕಿಸುತ್ತೇವೆ, ತುದಿಯಲ್ಲಿ ಎಳೆ ಎಳೆಯಾಗಿರುತ್ತದೆ. ಬಂಡೆ ಸಂದಿಯಲ್ಲಿ ಏಡಿಯ ಹಾಗೆ ಕೊಂಡಿ ಇರುವ ಒಂದು ಜಾತಿ ಸೀಗಡಿ ಇದೆ, ಅದರ ವೇಷ ಇದು. ದೂರಕ್ಕೆ ಎಸೆದು ತಳ ಮುಟ್ಟುವ ತನಕ ಸುಮ್ನೆ ಇರಬೇಕು. ಮುಟ್ಟಿದ್ದು ದಾರದಲ್ಲಿ ಗೊತ್ತಾಗುತ್ತದೆ, ಬಿಗಿ ಇದ್ದದ್ದು ಸಡಿಲ ಆಗುತ್ತದೆ. ಆಮೇಲೆ ಕೋಲಿನ ತುದಿಯಿಂದ ಚೂರು ಎತ್ತಿ, ಬಿಟ್ಟು, ಮತ್ತೆ ಚೂರು ಎತ್ತಿ, ಕಲ್ಲಿಗೆ ಟಕ್ ಟಕ್ ಅಂತ ತಾಗಿಸಿಕೊಂಡು ಬರಬೇಕು. ಮೀನು ಬಾಯಿ ಹಾಕುವುದು ಹೆಚ್ಚಾಗಿ ಜಿಗ್ ಕೆಳಗೆ ಬೀಳುವಾಗ. ಬೆಂಡು ಮುಳುಗಿದಾಗ ಎಳೆಯುವ ನಮ್ಮ ಕೆಲಸ ಕಣ್ಣಿಂದ, ಇದು ಪೂರ್ತಿ ತೋರುಬೆರಳಿನ ಕೆಲಸ. ಕೈ ಚಳಿಗೆ ಮರಗಟ್ಟಿದರೆ ಮುಗೀತು, ಎಷ್ಟು ಮೀನು ಕಚ್ಚಿ ಬಿಟ್ಟವೋ ಗೊತ್ತೇ ಆಗಲ್ಲ.

ಇನ್ನು ಬಿಡುವ ವಿಷಯ. ಮೊದಲನೆಯದು ಕಾನೂನು. ಸೆಪ್ಟೆಂಬರ್ ಮಧ್ಯದಿಂದ ನಮ್ಮ ಈ ಮಿನೆಸೋಟ ರಾಜ್ಯದಲ್ಲಿ ಈ ಮೀನನ್ನು ಇಟ್ಟುಕೊಳ್ಳುವ ಹಾಗಿಲ್ಲ, ಹಿಡಿದರೆ ಬಿಡಲೇಬೇಕು. ಆದರೆ ಕಾನೂನು ಇಲ್ಲದಿದ್ದರೂ ನಾನು ಬಿಡುತ್ತಿದ್ದೆ. ಈ ತಣ್ಣನೆ ನೀರಲ್ಲಿ ಮೀನು ಬೆಳೆಯುವುದು ಬಹಳ ನಿಧಾನ. ನಮ್ಮ ಕೆರೆಗೆ ಬಿಟ್ಟ ಕಾಟ್ಲಾ ಒಂದು ವರ್ಷಕ್ಕೆ ಕೆಜಿ ತೂಗುತ್ತದೆ, ಇಲ್ಲಿ ಇಪ್ಪತ್ತು ಇಂಚಿನ ಒಂದು ಬಾಸ್‌ಗೆ ಹತ್ತು ವರ್ಷ ದಾಟಿರುತ್ತದೆ. ಅದರ ಮೇಲೆ ಈ ಕಾಲದಲ್ಲಿ ಎಲ್ಲವೂ ಒಂದೇ ಕಡೆ ಸೇರಿರುತ್ತವೆ. ಜಾಗ ಗೊತ್ತಿರುವ ನಾಲ್ಕು ಜನ ಒಂದು ವಾರ ಚೀಲ ತುಂಬಿಸಿಕೊಂಡರೆ ಆ ಗುಡ್ಡೆ ಖಾಲಿ.

ಆದರೂ ಒಂದು ಒಪ್ಪುತ್ತೇನೆ ಚಿಕ್ಕಪ್ಪ. ತಿನ್ನೋಕೆ ಹಿಡಿಯುವುದಕ್ಕಿಂತ ಬಿಡೋಕೆ ಹಿಡಿಯುವುದು ದೊಡ್ಡ ಪುಣ್ಯ ಅಂತ ಇಲ್ಲಿ ಕೆಲವರು ಮಾತಾಡುತ್ತಾರೆ, ಅದು ನನಗೆ ಹಿಡಿಸಲ್ಲ. ಬಾಯಿಗೆ ಕೊಕ್ಕೆ ಚುಚ್ಚಿದ್ದು ಚುಚ್ಚಿದ್ದೇ. ಮೂವತ್ತು ಅಡಿಗಿಂತ ಆಳದಿಂದ ಬೇಗ ಎಳೆದರೆ ಮೀನಿನ ಒಳಗಿನ ಗಾಳಿಚೀಲ ಉಬ್ಬಿ, ಬಿಟ್ಟರೂ ಕೆಳಗಿಳಿಯೋಕಾಗದೆ ಮೇಲೇ ತೇಲುತ್ತದೆ. ಅಂಥ ಜಾಗದಲ್ಲಿ ಗಾಳ ಹಾಕಿ, ಫೋಟೋ ತೆಗೆದು, ಬಿಟ್ಟೆ ಅಂದರೆ ಅದು ಬಿಟ್ಟ ಹಾಗಾ? ನಾವು ಹೋಗುವ ದೋಣಿಯ ಯಜಮಾನ ಇಪ್ಪತ್ತೈದು ಅಡಿಗಿಂತ ಆಳಕ್ಕೆ ಹಾಕೋಕೇ ಬಿಡಲ್ಲ, ಹಿರಿಯ ಮನುಷ್ಯ, ಮಾತು ಕಮ್ಮಿ, ನಿಮಗೆ ಸರಿಹೋಗುತ್ತಾರೆ.

ತಿನ್ನೋಕೆ ಬೇರೆ ಮೀನಿದೆ, ವಾಲ್‌ಐ ಅಂತ, ಮುಳ್ಳು ಕಮ್ಮಿ. ಅದನ್ನು ಎಷ್ಟು ಹಿಡಿಯಬಹುದು ಅನ್ನುವುದರ ಮೇಲೆ ಇಲ್ಲಿ ದೊಡ್ಡ ಜಗಳವೇ ನಡೆದಿದೆ. ಈ ನೆಲದ ಮೂಲ ಜನ ಒಜಿಬ್ವೆಗಳು 1837ರ ಒಪ್ಪಂದದಲ್ಲಿ ಬೇಟೆ, ಮೀನುಗಾರಿಕೆಯ ಹಕ್ಕು ಉಳಿಸಿಕೊಂಡಿದ್ದರು. ರಾಜ್ಯ ಸರ್ಕಾರ ಒಪ್ಪದೆ ಸುಪ್ರೀಂ ಕೋರ್ಟ್ ತನಕ ಹೋಯಿತು, 1999ರಲ್ಲಿ ತೀರ್ಪು ಒಜಿಬ್ವೆಗಳ ಕಡೆಗೇ ಆಯಿತು. ಕಾವೇರಿ ಗಲಾಟೆ ಕಂಡ ನಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮುಖ್ಯ ವಿಷಯ, ನಗಬೇಡಿ. ಇಲ್ಲಿ ಲೂನ್ ಅನ್ನುವ ನೀರುಹಕ್ಕಿ ಇದೆ, ಈ ರಾಜ್ಯದ ಹಕ್ಕಿ. ಕೆರೆ ತಳದಲ್ಲಿ ಬಿದ್ದ ಸೀಸದ ಗುಂಡು ನುಂಗಿ ಅವು ಸಾಯುತ್ತವೆ, ಒಂದು ಸಣ್ಣ ಗುಂಡು ಸಾಕಂತೆ. ಅದಕ್ಕೇ ನಾವು ಟಂಗ್‌ಸ್ಟನ್‌ನದು ಬಳಸುತ್ತೇವೆ, ರೇಟು ಜಾಸ್ತಿ. ನೀವು ದಾರಕ್ಕೆ ಸೀಸ ಹಾಕುವಾಗ ಹಲ್ಲಲ್ಲಿ ಕಚ್ಚಿ ಒತ್ತುತ್ತೀರಲ್ಲ, ನಮಗೂ ಹಾಗೇ ಕಲಿಸಿದಿರಿ. ದಯವಿಟ್ಟು ಅದನ್ನು ಬಿಡಿ, ಇಕ್ಕಳ ತಗೊಳ್ಳಿ. ಪಾಂಡವಪುರದಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ತಮ್ಮನಿಗೂ ಹೇಳಿ.

ಜಿಗ್ ನಾಲ್ಕೈದು ಕಳಿಸಲಾ? ನಾಲೆಯಲ್ಲಿ ನಡೆಯಲ್ಲ, ಹರಿವು ಜಾಸ್ತಿ. ಕೆರೆ ತೂಬಿನ ಹತ್ತಿರ ಕಲ್ಲಿದೆಯಲ್ಲ, ಅಲ್ಲಿ ಕೊರವಕ್ಕೆ ಹಾಕಿ ನೋಡಿ. ಸಿಕ್ಕರೆ ನೀವು ಬಿಡಬೇಕಾಗಿಲ್ಲ, ಚಿಕ್ಕಮ್ಮನ ಕೈಗೆ ಕೊಡಿ.

ಅಜ್ಜಿಯ ಮಂಡಿನೋವು ಹೇಗಿದೆ, ಮರೆಯದೆ ತಿಳಿಸಿ.

ನಿಮ್ಮ
ಮಂಜು